ಶ್ರೀಲಂಕಾದ 26 ವರ್ಷಗಳ ಯುದ್ಧ ಶುರುವಾದದ್ದು ಹೇಗೆ?



2025ರ ಫೆಬ್ರವರಿ ನಿಮಗೆ ನೆನಪಿರಬಹುದು. ಬೆಳಗಾವಿ ಹತ್ತಿರ ಬಸ್ ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆಯಾಯಿತು. ಕನ್ನಡ ಮಾತಾಡಬೇಕೋ ಮರಾಠಿ ಮಾತಾಡಬೇಕೋ ಎಂಬ ಮಾತಿನಿಂದ ಶುರುವಾದ ಜಗಳ ಎಂದು ಪತ್ರಿಕೆಗಳಲ್ಲಿ ಬಂತು. ಮುಂದೆ ಕೆಲವು ದಿನ ಮಹಾರಾಷ್ಟ್ರ ಮತ್ತು ಕರ್ನಾಟಕದ ನಡುವೆ ಬಸ್ಸುಗಳು ಸರಿಯಾಗಿ ಓಡಲಿಲ್ಲ. ಅದೇ ವಾರ ನನ್ನ ದಾದಿಯನ್ನು ಮಿರಜಿನ ದವಾಖಾನೆಗೆ ತೋರಿಸಬೇಕಿತ್ತು. ಕಾಗವಾಡದವರಿಗೆ, ಅಥಣಿಯವರಿಗೆ ಕಾಯಿಲೆ ಸ್ವಲ್ಪ ದೊಡ್ಡದಾದರೆ ಮಿರಜ್ ಎಂಬುದು ನಿಮಗೆಲ್ಲ ಗೊತ್ತಿದೆ. ನಾವು ಕಾಗವಾಡದ ಸ್ಟ್ಯಾಂಡಿನಲ್ಲಿ ಒಂದೂವರೆ ತಾಸು ಕೂತೆವು. ಕೊನೆಗೆ ಒಂದು ಟಂಟಂ ಹಿಡಿದು ಮ್ಹೈಸಾಳಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಗಾಡಿ ಹತ್ತಿದೆವು. ಸ್ಟ್ಯಾಂಡಿನಲ್ಲಿ ಯಾರೋ ಒಬ್ಬರು ಸುಮ್ಮನೆ ಮಾತಿಗೆ ಎಂಬಂತೆ ದಾದಿಯನ್ನು ಕೇಳಿದರು, "ಅಮ್ಮಾ, ನೀವು ಕನ್ನಡದವರಾ, ಮರಾಠಿಯವರಾ?" ಮನೆಯಲ್ಲಿ ದಖನಿ ಉರ್ದು ಬಿಟ್ಟು ಬೇರೆ ಮಾತಾಡದ ದಾದಿ ಕನ್ನಡದಲ್ಲೇ ಹೇಳಿದಳು, "ನಾವು ದವಾಖಾನಿಯವರು." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಸೈನಿಕರಿದ್ದಾರೆ. ನಾವೆಲ್ಲ ಅವರನ್ನು ಫೌಜಿ ಕಾಕಾ ಎನ್ನುತ್ತೇವೆ. ಆ ಸಂಜೆ ಬಸ್ಸಿನ ಕಥೆ ಹೇಳಿದಾಗ ಅವರು, "ಇದು ಏನೂ ಅಲ್ಲ. ನಾನು ಜಾಫ್ನಾದಲ್ಲಿ ನೋಡಿದ್ದೇನೆ. ಅಲ್ಲೂ ಮೊದಲು ಬೋರ್ಡಿಗೆ ಡಾಂಬರು ಬಳಿದಿದ್ದರು" ಎಂದರು. ಜಾಫ್ನಾ ಎಂದರೆ ಶ್ರೀಲಂಕಾದ ಉತ್ತರ ತುದಿಯ ಪಟ್ಟಣ. ನಮ್ಮ ಬೆಳಗಾವಿಯಲ್ಲೇ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫಂಟ್ರಿಯ ಜವಾನರೂ ಸೇರಿದಂತೆ ಭಾರತದ ಸೈನ್ಯ 1987ರಲ್ಲಿ ಅಲ್ಲಿಗೆ ಹೋಗಿತ್ತು. ಬೋರ್ಡಿನಿಂದ ಬಾಂಬಿನವರೆಗೆ ಹೇಗೆ ಹೋದರು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತು. ನಾನು ಕಾಮರ್ಸ್ ವಿದ್ಯಾರ್ಥಿ, ಆದರೆ ನಮ್ಮ ಸೆಕ್ಷನ್ನಿನಲ್ಲಿ ಇತಿಹಾಸವೂ ಇದೆ. ಲೈಬ್ರರಿಯಲ್ಲಿ ಓದಿದ್ದನ್ನು, ಕಾಕಾ ಹೇಳಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 1981ರ ಜನಗಣತಿಯ ಪ್ರಕಾರ ಶ್ರೀಲಂಕಾದಲ್ಲಿ ಸಿಂಹಳೀಯರು ನೂರಕ್ಕೆ 74. ಹೆಚ್ಚಿನವರು ಬೌದ್ಧರು. ಉತ್ತರ ಮತ್ತು ಪೂರ್ವದಲ್ಲಿ ಶತಮಾನಗಳಿಂದ ಇರುವ ತಮಿಳರು ನೂರಕ್ಕೆ ಸುಮಾರು 13. ಬ್ರಿಟಿಷರು ಚಹಾ ತೋಟಗಳಿಗೆ ಕರೆದೊಯ್ದ ಭಾರತ ಮೂಲದ ತಮಿಳರು ಐದೂವರೆ. ಮುಸ್ಲಿಮರು ಏಳು. ಧನುಷ್ಕೋಡಿಯಿಂದ ಆ ದೇಶದ ತಲೈಮನ್ನಾರ್‌ಗೆ ಸಮುದ್ರದ ದಾರಿ ಸುಮಾರು 30 ಕಿಲೋಮೀಟರ್. ಹೆಚ್ಚುಕಡಿಮೆ ಕಾಗವಾಡದಿಂದ ಅಥಣಿಗೆ ಇರುವಷ್ಟು.

ದೇಶ 1948ರ ಫೆಬ್ರವರಿ 4ರಂದು ಸ್ವತಂತ್ರವಾಯಿತು. ಆಗ ಅದರ ಹೆಸರು ಸಿಲೋನ್. ಅದೇ ವರ್ಷ ಬಂದ ಪೌರತ್ವ ಕಾನೂನು ತೋಟದ ತಮಿಳರಲ್ಲಿ ಹೆಚ್ಚಿನವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಮೂರು ತಲೆಮಾರು ಚಹಾ ಎಲೆ ಕಿತ್ತವರು ಅಲ್ಲಿಯವರಲ್ಲ, ಇಲ್ಲಿಯವರೂ ಅಲ್ಲ. ಮುಂದೆ 1964ರಲ್ಲಿ ನಮ್ಮ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಅಲ್ಲಿಯ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆಯವರೂ ಒಪ್ಪಂದ ಮಾಡಿಕೊಂಡರು. 5 ಲಕ್ಷ 25 ಸಾವಿರ ಜನ ಭಾರತಕ್ಕೆ, 3 ಲಕ್ಷ ಜನ ಸಿಲೋನಿಗೆ ಎಂದು ಹಂಚಿಕೆಯಾಯಿತು. ಸರಕು ಹಂಚಿದ ಹಾಗೆ! ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳಿಗೆ ನಮ್ಮ ಕರ್ನಾಟಕದ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟು ನೆಲೆ ಮಾಡಿಕೊಟ್ಟರು. ಅವರ ಮೊಮ್ಮಕ್ಕಳು ಈಗ ಅಲ್ಲಿ ಕನ್ನಡ ಕಲಿತು ಬೆಳೆದಿದ್ದಾರೆ.

ಈಗ 1956ಕ್ಕೆ ಬರೋಣ. ನನಗೆ ಈ ವರ್ಷ ಓದಿದಾಗ ಬಹಳ ಆಶ್ಚರ್ಯವಾಯಿತು. ಯಾಕೆಂದರೆ ನಮ್ಮ ಭಾಗದ ಇತಿಹಾಸದಲ್ಲೂ ಅದೇ ವರ್ಷ ಮುಖ್ಯ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ, ಚಂದಗಡ ತಾಲ್ಲೂಕು ಬಿಟ್ಟು, ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಅದಕ್ಕೆ ಐದು ತಿಂಗಳು ಮೊದಲು, ಜೂನ್‌ನಲ್ಲಿ, ಸಿಲೋನಿನ ಸಂಸತ್ತು ಸಿಂಹಳ ಒಂದೇ ಆಡಳಿತ ಭಾಷೆ ಎಂಬ ಕಾನೂನು ತಂದಿತು. ಚುನಾವಣೆಯಲ್ಲಿ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಿಕೆಯವರು ಕೊಟ್ಟ ದೊಡ್ಡ ಭರವಸೆ ಅದೇ ಆಗಿತ್ತು. ಅಲ್ಲಿಯವರೆಗೆ ಕಚೇರಿಗಳು ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಇಂಗ್ಲಿಷ್ ಹೋಗಬೇಕು ಎಂದು ಸಾಮಾನ್ಯ ಸಿಂಹಳೀಯರು ಬಯಸಿದ್ದರಲ್ಲಿ ತಪ್ಪೇನಿಲ್ಲ ಎಂದು ನನಗೆ ಅನಿಸುತ್ತದೆ. ಹಳ್ಳಿಯ ರೈತನಿಗೆ ತನ್ನ ಭಾಷೆಯಲ್ಲಿ ಅರ್ಜಿ ಬರೆಯಲು ಆಗಬೇಕಲ್ಲ. ಆದರೆ ತಮಿಳು ರೈತನೂ ಹಳ್ಳಿಯಲ್ಲೇ ಇದ್ದ. ಅವನಿಗೆ ಒಂದು ಅರ್ಥವಾಗದ ಭಾಷೆ ಹೋಗಿ ಇನ್ನೊಂದು ಅರ್ಥವಾಗದ ಭಾಷೆ ಬಂತು, ಅಷ್ಟೇ. ಸರ್ಕಾರಿ ನೌಕರಿಯಲ್ಲಿದ್ದ ತಮಿಳರು ಸಿಂಹಳ ಪರೀಕ್ಷೆ ಪಾಸಾಗದಿದ್ದರೆ ಬಡ್ತಿ ಇಲ್ಲ ಎನ್ನುವ ಸ್ಥಿತಿಯಾಯಿತು.

ಬಂಡಾರನಾಯಿಕೆಯವರಿಗೆ ಇದು ಗೊತ್ತಾಗಲಿಲ್ಲ ಎಂದಲ್ಲ. 1957ರ ಜುಲೈಯಲ್ಲಿ ಅವರು ತಮಿಳು ನಾಯಕ ಚೆಲ್ವನಾಯಕಂ ಅವರ ಜೊತೆ ಒಪ್ಪಂದ ಮಾಡಿಕೊಂಡರು. ಉತ್ತರ ಮತ್ತು ಪೂರ್ವದಲ್ಲಿ ತಮಿಳಿನಲ್ಲಿ ಆಡಳಿತ, ಪ್ರಾದೇಶಿಕ ಮಂಡಳಿಗಳು. ಬೌದ್ಧ ಭಿಕ್ಷುಗಳು ಮತ್ತು ವಿರೋಧ ಪಕ್ಷದವರು ವಿರೋಧಿಸಿದರು. ಬಸ್ಸುಗಳ ನಂಬರ್ ಪ್ಲೇಟಿನ ಮೇಲೆ ಸಿಂಹಳ ಅಕ್ಷರ ಬರೆದರೆಂದು ತಮಿಳರು ಡಾಂಬರು ಬಳಿದರು, ಕೊಲಂಬೊದಲ್ಲಿ ತಮಿಳು ಬೋರ್ಡುಗಳಿಗೆ ಸಿಂಹಳೀಯರು ಬಳಿದರು. ಕಾಕಾ ಹೇಳಿದ ಡಾಂಬರು ಇದೇ. 1958ರ ಏಪ್ರಿಲ್‌ನಲ್ಲಿ ಪ್ರಧಾನಿ ಒಪ್ಪಂದ ಕೈಬಿಟ್ಟರು. ಮೇ ತಿಂಗಳಲ್ಲಿ ಗಲಭೆ, ನೂರಾರು ಸಾವು. ಮರುವರ್ಷ ಒಬ್ಬ ಭಿಕ್ಷುವೇ ಬಂಡಾರನಾಯಿಕೆಯವರಿಗೆ ಗುಂಡು ಹಾರಿಸಿ ಕೊಂದ.

ಇಲ್ಲಿ ಒಂದು ಹೋಲಿಕೆ ಹೇಳಲೇಬೇಕು. ಅದೇ ಕಾಲದಲ್ಲಿ ಸಮುದ್ರದ ಈಚೆ ದಡದಲ್ಲಿ, ಮದ್ರಾಸಿನಲ್ಲಿ, ಡಿಎಂಕೆ ಪಕ್ಷ ಪ್ರತ್ಯೇಕ ದ್ರಾವಿಡನಾಡು ಬೇಕು ಎನ್ನುತ್ತಿತ್ತು. 1963ರಲ್ಲಿ ಆ ಬೇಡಿಕೆ ಬಿಟ್ಟಿತು. 1965ರಲ್ಲಿ ಹಿಂದಿ ವಿರೋಧಿ ಚಳವಳಿಯಲ್ಲಿ ವಿದ್ಯಾರ್ಥಿಗಳು ಸತ್ತರು, ಕೆಲವರು ಮೈಗೆ ಬೆಂಕಿ ಹಚ್ಚಿಕೊಂಡರು. 1967ರಲ್ಲಿ ದೆಹಲಿ ಕಾನೂನು ತಿದ್ದಿ ಇಂಗ್ಲಿಷ್ ಮುಂದುವರಿಯುತ್ತದೆ ಎಂದಿತು. ಅದೇ ವರ್ಷ ಡಿಎಂಕೆ ಚುನಾವಣೆ ಗೆದ್ದು ಸರ್ಕಾರ ಮಾಡಿತು. 30 ಕಿಲೋಮೀಟರ್ ಅಂತರದಲ್ಲಿ ಒಂದೇ ಭಾಷೆಯ ಜನ, ಒಂದು ಕಡೆ ಮುಖ್ಯಮಂತ್ರಿಯಾದರು, ಇನ್ನೊಂದು ಕಡೆ ಕಾಡು ಸೇರಿದರು. ಭಾರತ ಎಲ್ಲ ಕಡೆಯೂ ಹೀಗೆ ಜಾಣತನ ತೋರಿಸಿದೆ ಎಂದು ನಾನು ಹೇಳುವುದಿಲ್ಲ. ನಾಗಾಲ್ಯಾಂಡ್ ಬಗ್ಗೆ ಓದಿದವರು ನನ್ನನ್ನು ನಿಲ್ಲಿಸಿ ಕೇಳಬಹುದು.

ನಮ್ಮ ವಯಸ್ಸಿನವರಿಗೆ ಮುಖ್ಯವಾದದ್ದು ಇನ್ನೊಂದು ವಿಷಯ. ಕಾಲೇಜು ಸೀಟು. 1970ರ ನಂತರ ಶ್ರೀಲಂಕಾ ಸರ್ಕಾರ ವಿಶ್ವವಿದ್ಯಾಲಯ ಪ್ರವೇಶಕ್ಕೆ ಭಾಷಾ ಮಾಧ್ಯಮದ ಮೇಲೆ ಬೇರೆ ಬೇರೆ ಅಂಕ ಇಟ್ಟಿತು. ಮೊದಲ ವರ್ಷ ವೈದ್ಯಕೀಯಕ್ಕೆ ತಮಿಳು ಮಾಧ್ಯಮದವನಿಗೆ 250 ಅಂಕ ಬೇಕು, ಸಿಂಹಳ ಮಾಧ್ಯಮದವನಿಗೆ 229 ಸಾಕು. ಸರ್ಕಾರದ ವಾದವೂ ಇತ್ತು. ಜಾಫ್ನಾದಲ್ಲಿ ಮಿಷನರಿ ಶಾಲೆಗಳು ಹಳೆಯವು, ಅಲ್ಲಿಯ ಮಕ್ಕಳು ಮುಂದಿದ್ದರು, ಹಿಂದುಳಿದವರಿಗೆ ಅವಕಾಶ ಬೇಕು ಎಂದರು. ಮುಂದೆ ಜಿಲ್ಲಾವಾರು ಕೋಟಾ ತಂದರು. ಅದರಿಂದ ತಮಿಳರದೇ ಆದ ಹಿಂದುಳಿದ ಜಿಲ್ಲೆಗಳಿಗೂ ಲಾಭವಾಯಿತು. ಮೀಸಲಾತಿಯಿಂದ ಓದುತ್ತಿರುವ ನಾನು ಇದನ್ನು ಸುಲಭವಾಗಿ ತಪ್ಪು ಎನ್ನಲಾರೆ. ಆದರೆ ಹಿಂದುಳಿದಿರುವುದನ್ನು ಅಳೆಯುವುದು ಬೇರೆ, ಮಾತಾಡುವ ಭಾಷೆ ನೋಡಿ ಅಂಕ ಏರಿಸುವುದು ಬೇರೆ. ಜಾಫ್ನಾದ ಹುಡುಗರಲ್ಲಿ ಸಿಟ್ಟು ತುಂಬಿತು. ಸಂಸತ್ತಿನಲ್ಲಿ ಮಾತಾಡುವ ಹಿರಿಯರಿಂದ ಏನೂ ಆಗುವುದಿಲ್ಲ ಎಂಬ ಮಾತು ಹುಟ್ಟಿತು.

ಆ ಹುಡುಗರಲ್ಲಿ ಒಬ್ಬ ವೇಲುಪಿಳ್ಳೈ ಪ್ರಭಾಕರನ್. 1954ರಲ್ಲಿ ಹುಟ್ಟಿದವನು. 1975ರಲ್ಲಿ ಜಾಫ್ನಾದ ಮೇಯರ್ ಆಲ್ಫ್ರೆಡ್ ದುರೈಯಪ್ಪ ಅವರ ಕೊಲೆಯಾಯಿತು. ಕೊಂದವರ ಮುಂದಾಳು ಪ್ರಭಾಕರನ್ ಎನ್ನುತ್ತಾರೆ. ಗಮನಿಸಿ, ದುರೈಯಪ್ಪ ತಮಿಳರೇ. 1976ರ ಮೇಯಲ್ಲಿ ಎಲ್‌ಟಿಟಿಇ, ಅಂದರೆ ತಮಿಳು ಈಳಂ ವಿಮೋಚನಾ ಹುಲಿಗಳು, ಸಂಘಟನೆ ಹುಟ್ಟಿತು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು. ಸುಮಾರು 97 ಸಾವಿರ ಪುಸ್ತಕ, ತಾಳೆಗರಿಗಳ ಸಮೇತ, ಬೂದಿಯಾದವು. ಬೆಂಕಿ ಹಚ್ಚಿದ ಗುಂಪಿನಲ್ಲಿ ಪೊಲೀಸರೂ ಇದ್ದರು. 1983ರ ಜುಲೈ 23ರ ರಾತ್ರಿ ಹುಲಿಗಳು ಜಾಫ್ನಾದಲ್ಲಿ 13 ಸೈನಿಕರನ್ನು ಕೊಂದರು. ಮರುದಿನದಿಂದ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿ ಸುಟ್ಟರು. ಗಲಭೆಕೋರರ ಕೈಯಲ್ಲಿ ಮತದಾರರ ಪಟ್ಟಿ ಇತ್ತು. ಸತ್ತವರು 400ರಿಂದ 3,000 ಎಂದು ಬೇರೆ ಬೇರೆ ಅಂದಾಜು. ಅದನ್ನು ಕಪ್ಪು ಜುಲೈ ಎನ್ನುತ್ತಾರೆ. ಯುದ್ಧ ಶುರುವಾದದ್ದು ಅಲ್ಲಿಂದ.

ಭಾರತದ ಪಾತ್ರ ನಮಗೆ ಹೆಮ್ಮೆ ತರುವಂಥದ್ದಲ್ಲ. ಮೊದಲು ನಮ್ಮ ದೇಶವೇ ಹುಲಿಗಳಿಗೂ ಇತರ ಗುಂಪುಗಳಿಗೂ ತರಬೇತಿ ಕೊಟ್ಟಿತು. ನಂತರ 1987ರ ಜುಲೈ 29ರಂದು ರಾಜೀವ್ ಗಾಂಧಿಯವರು ಕೊಲಂಬೊದಲ್ಲಿ ಅಧ್ಯಕ್ಷ ಜಯವರ್ಧನೆಯವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನ ಗೌರವ ವಂದನೆಯ ಹೊತ್ತಿನಲ್ಲಿ ಅಲ್ಲಿಯ ನೌಕಾಪಡೆಯ ಒಬ್ಬ ಸಿಪಾಯಿ ಬಂದೂಕಿನ ಹಿಡಿಯಿಂದ ಅವರನ್ನೇ ಹೊಡೆದ. ಆ ಒಪ್ಪಂದದಿಂದ ತಮಿಳೂ ಆಡಳಿತ ಭಾಷೆಯಾಯಿತು, ಪ್ರಾಂತೀಯ ಮಂಡಳಿಗಳು ಬಂದವು. 1956ರಲ್ಲಿ ಕೊಡಬಹುದಾಗಿದ್ದನ್ನು 31 ವರ್ಷದ ನಂತರ ಕೊಟ್ಟರು. ಆದರೆ ಅಷ್ಟರಲ್ಲಿ ಹುಲಿಗಳಿಗೆ ಅದು ಸಾಲದಾಗಿತ್ತು. ಶಾಂತಿ ಕಾಯಲು ಹೋದ ನಮ್ಮ ಸೈನ್ಯ ಅಕ್ಟೋಬರ್‌ನಲ್ಲಿ ಹುಲಿಗಳ ಜೊತೆಯೇ ಯುದ್ಧಕ್ಕೆ ಇಳಿಯಬೇಕಾಯಿತು. 1990ರ ಮಾರ್ಚ್‌ನಲ್ಲಿ ವಾಪಸ್ ಬರುವ ಹೊತ್ತಿಗೆ ನಮ್ಮ ಸುಮಾರು 1,200 ಜವಾನರು ಸತ್ತಿದ್ದರು. ಸೈನ್ಯದ ಕಾರ್ಯಾಚರಣೆಯಲ್ಲಿ ಅಲ್ಲಿಯ ಸಾಮಾನ್ಯರೂ ಸತ್ತರು. ಜಾಫ್ನಾದ ಆಸ್ಪತ್ರೆಯಲ್ಲಿ ಡಾಕ್ಟರ್, ನರ್ಸುಗಳು ಗುಂಡಿಗೆ ಬಲಿಯಾದರು. ಇದರ ಬಗ್ಗೆ ಕೇಳಿದಾಗ ಫೌಜಿ ಕಾಕಾ ಚಹಾ ಕಪ್ ಕೆಳಗಿಟ್ಟು, "ಅಲ್ಲಿಯ ಬಾವಿ ನೀರು ಬಹಳ ಸಿಹಿ" ಎಂದರು. ನಾನು ಮತ್ತೆ ಕೇಳಲಿಲ್ಲ.

1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಆ ಸಂಚಿನ ಮುಖ್ಯಸ್ಥ ಶಿವರಾಸನ್ ಓಡಿ ಬಂದು ಅಡಗಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ. ಆಗಸ್ಟ್ 20ರ ಬೆಳಿಗ್ಗೆ ಕಮಾಂಡೋಗಳು ಒಳಗೆ ಹೋದಾಗ ಶಿವರಾಸನ್, ಶುಭಾ ಮತ್ತು ಜೊತೆಯವರು ಹೆಣವಾಗಿದ್ದರು. "ಸಯನೈಡ್" ಎಂಬ ಕನ್ನಡ ಸಿನಿಮಾ ಈ ಘಟನೆಯ ಮೇಲೇ ಬಂದಿದೆ. ಅದನ್ನು ನೋಡಿದವರು ನಮ್ಮ ಕ್ಲಾಸಿನಲ್ಲೂ ಇದ್ದಾರೆ, ಆದರೆ ಇದರ ಹಿಂದೆ ಒಂದು ಭಾಷಾ ಕಾನೂನು ಇದೆ ಎಂದು ಯಾರಿಗೂ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ.

ಇನ್ನು ನಾನು ಹೆಚ್ಚು ಹೊತ್ತು ಓದಿದ ಭಾಗ. ಶ್ರೀಲಂಕಾದ ಮುಸ್ಲಿಮರು. ಅವರಲ್ಲಿ ಬಹಳ ಜನರ ಮನೆಮಾತು ತಮಿಳು. ಮಸೀದಿಯ ಬಯಾನ್ ಕೂಡ ತಮಿಳಿನಲ್ಲೇ. ಹುಲಿಗಳ ಲೆಕ್ಕದಲ್ಲಿ ತಮಿಳು ಮಾತಾಡುವವರೆಲ್ಲ ಒಂದೇ ಜನಾಂಗವಾಗಬೇಕಿತ್ತು. ಮೊದಮೊದಲು ಕೆಲವು ಮುಸ್ಲಿಂ ಹುಡುಗರು ಅವರ ಜೊತೆ ಸೇರಿದ್ದರು ಕೂಡ. ಆದರೆ ಮುಸ್ಲಿಮರು ತಮ್ಮನ್ನು ಬೇರೆ ಸಮುದಾಯ ಎಂದುಕೊಂಡಿದ್ದರು, ಪ್ರತ್ಯೇಕ ದೇಶವೂ ಅವರಿಗೆ ಬೇಕಿರಲಿಲ್ಲ. ಸರ್ಕಾರ ಅವರ ಕೆಲವು ಊರುಗಳಲ್ಲಿ ಗೃಹರಕ್ಷಕರ ಕೈಗೆ ಬಂದೂಕು ಕೊಟ್ಟಿತು. ಅವರಿಂದಲೂ ತಮಿಳರ ಮೇಲೆ ದಾಳಿಗಳಾದವು. ಇದನ್ನು ಬಿಟ್ಟು ಬರೆದರೆ ನಾನು ಪಕ್ಷಪಾತ ಮಾಡಿದಂತೆ. 1990ರ ಆಗಸ್ಟ್ 3ರಂದು ಪೂರ್ವದ ಕಾತ್ತಾನ್‌ಕುಡಿಯಲ್ಲಿ ಇಶಾ ನಮಾಜಿಗೆ ನಿಂತವರ ಮೇಲೆ ಎರಡು ಮಸೀದಿಗಳಲ್ಲಿ ಗುಂಡಿನ ಮಳೆ ಸುರಿಯಿತು. ನೂರಕ್ಕೂ ಹೆಚ್ಚು ಜನ ಸಫಿನಲ್ಲೇ ಬಿದ್ದರು. ಮಕ್ಕಳೂ ಇದ್ದರು.

ಅದೇ ಅಕ್ಟೋಬರ್‌ನಲ್ಲಿ ಉತ್ತರದ ಎಲ್ಲ ಮುಸ್ಲಿಮರೂ ಊರು ಬಿಡಬೇಕು ಎಂದು ಹುಲಿಗಳು ಆಜ್ಞೆ ಮಾಡಿದರು. ಜಾಫ್ನಾದಲ್ಲಿ ಅಕ್ಟೋಬರ್ 30ರಂದು ಧ್ವನಿವರ್ಧಕದಲ್ಲಿ ಕೂಗಿ, ಮನೆಗೊಬ್ಬರು ಉಸ್ಮಾನಿಯಾ ಕಾಲೇಜಿನ ಬಳಿಯ ಮೈದಾನಕ್ಕೆ ಬರಬೇಕು ಎಂದರು. ಅಲ್ಲಿ ಕೊಟ್ಟ ಸಮಯ ಎರಡು ತಾಸು. ಚಿನ್ನ, ಗಾಡಿ, ಅಂಗಡಿಯ ಮಾಲು ಏನೂ ಒಯ್ಯುವಂತಿಲ್ಲ. ಕೆಲವು ನೂರು ರೂಪಾಯಿ, ಒಂದಷ್ಟು ಬಟ್ಟೆ. ದಾರಿಯಲ್ಲಿ ಹೆಂಗಸರ ಓಲೆಗಳನ್ನೂ ಬಿಚ್ಚಿಸಿಕೊಂಡರು. ಉತ್ತರದ ಐದು ಜಿಲ್ಲೆಗಳಿಂದ 70 ಸಾವಿರಕ್ಕಿಂತ ಹೆಚ್ಚು ಜನ ಹೊರಬಿದ್ದರು. ಬಹಳಷ್ಟು ಮಂದಿ ಪುತ್ತಳಂ ಎಂಬಲ್ಲಿ ತೆಂಗಿನ ಗರಿಯ ಶಿಬಿರಗಳಲ್ಲಿ ಇಪ್ಪತ್ತು ವರ್ಷ ಕಳೆದರು. ಭಾಷೆಯ ಕಾರಣಕ್ಕೆ ತಮಗೆ ಅನ್ಯಾಯವಾಯಿತೆಂದು ಬಂದೂಕು ಹಿಡಿದವರು ತಮ್ಮದೇ ಭಾಷೆಯವರನ್ನು ಹೀಗೆ ಹೊರಹಾಕಿದರು. 2002ರಲ್ಲಿ ಹುಲಿಗಳ ಪರವಾಗಿ ಆಂಟನ್ ಬಾಲಸಿಂಗಂ ಕ್ಷಮೆ ಕೇಳಿದರು.

ಕಾಮರ್ಸ್ ಓದುವವನಾಗಿ ಇನ್ನೊಂದು ವಿಷಯ ಹೇಳುತ್ತೇನೆ. ಯುದ್ಧಕ್ಕೂ ಖಾತೆ ಪುಸ್ತಕ ಇರುತ್ತದೆ. ಹುಲಿಗಳು ತಮ್ಮ ಹಿಡಿತದ ಪ್ರದೇಶದಲ್ಲಿ ನ್ಯಾಯಾಲಯ, ಪೊಲೀಸ್, ಬ್ಯಾಂಕ್ ಎಲ್ಲ ನಡೆಸಿದರು. ಹೆದ್ದಾರಿಯಲ್ಲಿ ಹೋಗುವ ಲಾರಿಗಳಿಗೆ ಸುಂಕ ಹಾಕಿದರು. ವಿದೇಶದ ತಮಿಳರಿಂದ ವಂತಿಗೆ ಎತ್ತಿದರು, ಕೊಡದಿದ್ದವರನ್ನು ಹೆದರಿಸಿದರು. ವಿಚಿತ್ರವೆಂದರೆ ಅದೇ ಪ್ರದೇಶದ ಶಿಕ್ಷಕರಿಗೆ, ಆಸ್ಪತ್ರೆಯವರಿಗೆ ಸಂಬಳ ಬರುತ್ತಿದ್ದದ್ದು ಕೊಲಂಬೊದ ಸರ್ಕಾರದಿಂದ. ಹುಲಿಗಳ ಊರಿನ ಮಕ್ಕಳೂ ಸರ್ಕಾರದ ಪ್ರಶ್ನೆಪತ್ರಿಕೆಯಲ್ಲೇ ಪರೀಕ್ಷೆ ಬರೆದರು. ಪರೀಕ್ಷೆ ಬರೆಯಬೇಕಾದ ವಯಸ್ಸಿನ ಎಷ್ಟೋ ಮಕ್ಕಳನ್ನು ಹುಲಿಗಳು ಪಡೆಗೆ ಎಳೆದುಕೊಂಡರು. ಯುನಿಸೆಫ್ ಹಾಗೆ ಸಾವಿರಾರು ಪ್ರಕರಣ ದಾಖಲಿಸಿದೆ. ಮನೆಗೊಂದು ಮಗು ಕೊಡಬೇಕೆಂಬ ಒತ್ತಾಯದಿಂದ ತಪ್ಪಿಸಲು ಹದಿನೇಳು ಹದಿನೆಂಟಕ್ಕೆ ಮದುವೆ ಮಾಡಿದ ತಂದೆತಾಯಿಗಳಿದ್ದರು.

ಈ ಕಡೆ ಸರ್ಕಾರದ ಖಾತೆ. 1996ರ ಜನವರಿ 31ರಂದು ಸ್ಫೋಟಕ ತುಂಬಿದ ಲಾರಿ ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ ನುಗ್ಗಿತು. 91 ಜನ ಸತ್ತರು. ನಮ್ಮ ರಿಸರ್ವ್ ಬ್ಯಾಂಕ್ ಇದ್ದಂತೆ ಅದು. 2001ರ ಜುಲೈ 24ರಂದು ವಿಮಾನ ನಿಲ್ದಾಣದ ಮೇಲೆ ದಾಳಿಯಾಗಿ ಯುದ್ಧ ವಿಮಾನಗಳ ಜೊತೆ ಪ್ರಯಾಣಿಕ ವಿಮಾನಗಳೂ ಸುಟ್ಟವು. ಕೂಡಲೇ ವಿಮಾ ಕಂಪನಿಗಳು ಯುದ್ಧ ಅಪಾಯದ ಪ್ರೀಮಿಯಂ ಏರಿಸಿದವು. ಹಡಗುಗಳು ಕೊಲಂಬೊ ಬಂದರಿಗೆ ಬರಲು ಹಿಂಜರಿದವು, ಪ್ರವಾಸಿಗರು ನಿಂತರು. ಆ ವರ್ಷ ದೇಶದ ಆರ್ಥಿಕತೆ ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ಕುಗ್ಗಿತು. ವಿಮೆ ಪಾಠದಲ್ಲಿ ನಾವು ಅಗ್ನಿ, ಸಾಗರ ಎಂದು ಬಾಯಿಪಾಠ ಮಾಡುತ್ತೇವಲ್ಲ, ಅದು ಹೀಗೂ ಕೆಲಸ ಮಾಡುತ್ತದೆ. ಮರುವರ್ಷ ಫೆಬ್ರವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಲ್ಲಿ ಕದನ ವಿರಾಮವಾಯಿತು. ಖಾಲಿ ಖಜಾನೆಯೂ ಅದಕ್ಕೆ ಒಂದು ಕಾರಣ.

ಕದನ ವಿರಾಮ ನಿಲ್ಲಲಿಲ್ಲ. 2004ರಲ್ಲಿ ಪೂರ್ವದ ಕಮಾಂಡರ್ ಕರುಣಾ ಹುಲಿಗಳಿಂದ ಒಡೆದು ಹೋದ. 2006ರಿಂದ ಮತ್ತೆ ಯುದ್ಧ. 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲ್ ಎಂಬ ಕಿರಿದಾದ ಕಡಲ ದಂಡೆಯಲ್ಲಿ ಎಲ್ಲ ಮುಗಿಯಿತು. ಪ್ರಭಾಕರನ್ ಸತ್ತ. ಆದರೆ ಆ ದಂಡೆಯ ಮೇಲೆ ಲಕ್ಷಾಂತರ ಸಾಮಾನ್ಯ ಜನ ಸಿಕ್ಕಿಕೊಂಡಿದ್ದರು. ಓಡಲು ಹೋದವರಿಗೆ ಹುಲಿಗಳು ಗುಂಡು ಹಾರಿಸಿದರು, ಸುರಕ್ಷಿತ ವಲಯ ಎಂದು ತಾನೇ ಘೋಷಿಸಿದ ಜಾಗದ ಮೇಲೆ ಸರ್ಕಾರ ಶೆಲ್ ಹಾಕಿತು. ಕೊನೆಯ ತಿಂಗಳುಗಳಲ್ಲೇ 40 ಸಾವಿರದವರೆಗೆ ಸಾಮಾನ್ಯರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ಸಮಿತಿ ಹೇಳಿತು. ಸರ್ಕಾರ ಒಪ್ಪಲಿಲ್ಲ. ಕಾಣೆಯಾದವರ ತಾಯಂದಿರು ಫೋಟೊ ಹಿಡಿದು ವರ್ಷಗಟ್ಟಲೆ ರಸ್ತೆ ಬದಿಯಲ್ಲಿ ಕೂತಿದ್ದಾರೆ.

ನಮ್ಮ ಗಡಿಯ ಜಗಳವೂ ಮುಗಿದಿಲ್ಲ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಕರ್ನಾಟಕದಲ್ಲೇ ಇರಲಿ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ, ಜತ್ತ, ಅಕ್ಕಲಕೋಟ ಕರ್ನಾಟಕಕ್ಕೆ ಬರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಕೇಸು ಅಲ್ಲೇ ಇದೆ. ಬೋರ್ಡಿಗೆ ಮಸಿ ಬೀಳುತ್ತದೆ, ಬಸ್ಸಿನ ಗಾಜು ಒಡೆಯುತ್ತದೆ, ಹಿಂದೆ ಗೋಲಿಬಾರ್ ಆಗಿ ಜನ ಸತ್ತದ್ದೂ ಇದೆ. ಆದರೂ ಚಿಕ್ಕೋಡಿಯಲ್ಲಿ ಮರಾಠಿ ಶಾಲೆ ಇದೆ, ಜತ್ತದಲ್ಲಿ ಕನ್ನಡ ಶಾಲೆ ಇದೆ. ನಾನು ಏಳನೆಯ ತರಗತಿಯವರೆಗೆ ಸರ್ಕಾರಿ ಉರ್ದು ಶಾಲೆಯಲ್ಲಿ ಓದಿದೆ. ಸಂವಿಧಾನದ 30ನೇ ವಿಧಿ ಇಲ್ಲದಿದ್ದರೆ ನಮ್ಮ ಕಾಲೇಜೂ ಹೀಗೆ ಇರುತ್ತಿರಲಿಲ್ಲ. ಈ ಲೇಖನದ ಕಾಗುಣಿತವನ್ನು ಕನ್ನಡ ಮೇಡಂ ಮೂರು ಸಲ ತಿದ್ದಿದ್ದಾರೆ, ಅದಕ್ಕೆ ನಾನು ಋಣಿ.

ಇದನ್ನೆಲ್ಲ ಬರೆಯುವಾಗ ದಾದಿಗೆ ಜಾಫ್ನಾದ ಎರಡು ತಾಸಿನ ಕಥೆ ಉರ್ದುವಿನಲ್ಲಿ ಓದಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ನಂತರ, "ನನಗೆ ಎರಡು ತಾಸು ಕೊಟ್ಟರೆ ದವಾಖಾನೆಯ ಫೈಲು, ರೇಷನ್ ಕಾರ್ಡು. ಮತ್ತೇನು? ನೀನು?" ಎಂದಳು. ನಾನು ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡ್ ಎಂದೆ. "ಅದು ನನ್ನ ಫೈಲಿನಲ್ಲೇ ಇದೆ" ಎಂದು ಟ್ರಂಕಿನ ಕಡೆ ಕೈ ತೋರಿಸಿದಳು.